ತಂತಿಯ ಮೈ, ನೆಲದ ಆಳ

ಕೂದಲೆಳೆಯಂಥ ಲೋಹದ ತಂತಿಗೂ ಲಾತೂರು ಜಿಲ್ಲೆಯ ನೆಲಕ್ಕೂ ಏನು ಸಂಬಂಧ? ವಿದ್ಯುತ್ತಿನ ಒಂದೇ ನಿಯಮ ಎರಡನ್ನೂ ಆಳುತ್ತದೆ.

ಬ್ಯಾಟರಿಯ ಏಕಮುಖ ಪ್ರವಾಹವು ತಂತಿಯ ಒಳಹೊರಗನ್ನು ಸಮನಾಗಿ ತುಂಬಿ ಹರಿಯುತ್ತದೆ. ಸೆಕೆಂಡಿಗೆ ಲಕ್ಷಾಂತರ ಬಾರಿ ದಿಕ್ಕು ಬದಲಿಸುವ ಪರ್ಯಾಯ ಪ್ರವಾಹವಾದರೋ ನಡುಭಾಗವನ್ನು ತೊರೆದು ಹೊರಮೈಯ ತೆಳುಪದರದಲ್ಲೇ ಸಾಗುತ್ತದೆ. ಹಾದಿ ಕಿರಿದಾದಷ್ಟೂ ಅಡ್ಡಿ ಹೆಚ್ಚು. ಪರ್ಯಾಯ ಪ್ರವಾಹಕ್ಕೆ ಒದಗುವ ಒಟ್ಟು ಅಡ್ಡಿಯನ್ನು ಇಂಪೀಡೆನ್ಸ್ ಎನ್ನುತ್ತಾರೆ.

ಲೋಹವು ಕಾಂತತೆಗೆ ಸುಲಭವಾಗಿ ಒಲಿಯುವಂಥದಾದರೆ ಆ ಪದರ ಮತ್ತಷ್ಟು ತೆಳುವಾಗುತ್ತದೆ. ಕೋಬಾಲ್ಟಿಗೆ ತುಸು ಕಬ್ಬಿಣ, ಸಿಲಿಕಾನ್, ಬೋರಾನ್ ಬೆರೆಸಿ ಕರಗಿಸಿ, ಹರಳುಗಟ್ಟಲು ಸಮಯವನ್ನೇ ಕೊಡದೆ ಥಟ್ಟನೆ ತಣಿಸಿದಾಗ ದೊರೆಯುವ ಅಸ್ಫಟಿಕ ತಂತಿ ಅಂಥದು. ಅದರ ಪರಮಾಣುಗಳು ಗಾಜಿನಲ್ಲಿರುವಂತೆ ಕ್ರಮವಿಲ್ಲದೆ ಹರಡಿರುತ್ತವೆ. ತಂತಿಯ ಉದ್ದಕ್ಕೆ ದುರ್ಬಲವಾದ ಕಾಂತಕ್ಷೇತ್ರ ಬಿದ್ದರೂ ಅದರ ಕಾಂತಗುಣ ಬದಲಾಗುತ್ತದೆ. ಅದರೊಡನೆ ಪದರದ ದಪ್ಪವೂ ಇಂಪೀಡೆನ್ಸೂ ಬದಲಾಗುತ್ತವೆ. 1935ರಲ್ಲಿಯೇ ಹ್ಯಾರಿಸನ್ ಮತ್ತು ಸಂಗಡಿಗರು ಇದರ ಸುಳಿವನ್ನು ಕಂಡಿದ್ದರು. ಆದರೆ ಅದು ಮತ್ತೆ ಜಗತ್ತಿನ ಗಮನ ಸೆಳೆದದ್ದು 1994ರಲ್ಲಿ, ಜಪಾನಿನ ನಗೋಯಾದಲ್ಲಿ ಪಾನಿನಾ ಮತ್ತು ಮೋರಿ ಅಸ್ಫಟಿಕ ತಂತಿಯ ಫಲಿತಾಂಶ ಪ್ರಕಟಿಸಿದ ಮೇಲೆ. ಕೆಲವು ಮೊಬೈಲ್‌ಗಳ ದಿಕ್ಸೂಚಿಯೊಳಗೆ ಇಂಥ ತಂತಿಯೇ ಭೂಮಿಯ ಕಾಂತಕ್ಷೇತ್ರವನ್ನು ಅಳೆದಿದೆ.

ಇನ್ನು ನೆಲದ ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಊರು ಮಲಗಿದ್ದಾಗ, ಕಿಲ್ಲಾರಿಯ ಭೂಮಿ ನಡುಗಿತು. ಸುಮಾರು ಹತ್ತು ಸಾವಿರ ಜನ ಮಡಿದರು. ಔರಾದ ಶಹಾಜನಿ, ಉಮರ್ಗಾ ಕಡೆಯ ಹಿರಿಯರಿಗೆ ಅದನ್ನು ಯಾರೂ ನೆನಪಿಸಬೇಕಾಗಿಲ್ಲ. ಗಟ್ಟಿನೆಲವೆಂದು ನಂಬಿದ್ದ ದಖ್ಖನಿನಲ್ಲಿ ಹೀಗೇಕಾಯಿತು? ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ಕರಿಕಲ್ಲಿನ ಹೊದಿಕೆಯೇ 338 ಮೀಟರ್ ಇತ್ತು. ಕಂಪನದ ಮೂಲವಾದರೋ ಕೊರೆತ ಮುಟ್ಟಲಾರದ ಆಳದಲ್ಲಿತ್ತು.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಅಲ್ಲಿ ಮೇಲಿನ ನಿಯಮವನ್ನೇ ನೆಚ್ಚಿದರು. ಸೂರ್ಯನ ಚಟುವಟಿಕೆಯಿಂದಲೂ ದೂರದ ಸಿಡಿಲುಗಳಿಂದಲೂ ಭೂಮಿಯ ಕಾಂತಕ್ಷೇತ್ರ ಸದಾ ತುಯ್ಯುತ್ತಿರುತ್ತದೆ. ಬೇಗನೆಯ ತುಯ್ತ ನೆಲದ ಮೇಲ್ಪದರದಲ್ಲೇ ಅಡಗುತ್ತದೆ; ನಿಧಾನವಾದದ್ದು ಆಳಕ್ಕಿಳಿಯುತ್ತದೆ. ನೆಲದ ಮೇಲೆ ವಿದ್ಯುತ್ ಕ್ಷೇತ್ರವನ್ನೂ ಕಾಂತಕ್ಷೇತ್ರವನ್ನೂ ಒಟ್ಟಿಗೆ ಅಳೆದು ತೆಗೆದ ಅನುಪಾತಕ್ಕೂ ಇಂಪೀಡೆನ್ಸ್ ಎಂದೇ ಹೆಸರು. ಅದನ್ನು ಓದಿದಾಗ ಕೆಲವು ಕಿಲೋಮೀಟರ್ ಆಳದಲ್ಲಿ, ವಿದ್ಯುತ್ತು ಸುಲಭವಾಗಿ ಹರಿಯುವ ಭಾಗವೊಂದು ಕಂಡಿತು. ಬಿರುಕುಬಿಟ್ಟ ಬಂಡೆಯಲ್ಲಿ ದ್ರವ ಸೇರಿಕೊಂಡಿರಬೇಕೆಂದು 1996ರಲ್ಲಿ ಅವರು ಬರೆದರು. ಅಂಥ ದ್ರವವು ಬಂಡೆಯ ಬಿಗಿತವನ್ನು ಸಡಿಲಿಸಬಲ್ಲದು. ಇದು ಕಾರಣವನ್ನು ಹುಡುಕುವ ವಿದ್ಯೆಯೇ ಹೊರತು, ಊರಲ್ಲಿ ಆಗಾಗ ಹಬ್ಬುವ ಗಾಳಿಸುದ್ದಿಯಂತೆ ಮುಂದಿನ ಕಂಪನದ ದಿನ ಹೇಳುವುದಲ್ಲ.