ಕೋಟೆಯೂ ತೋಟವೂ

ಹರೆಯದಲ್ಲಿ ಪ್ರವಾಸ ಮಾಡಿದವನಿಗೆ ಎರಡು ಲಾಭಗಳುಂಟು: ಪರದೇಶವನ್ನು ಕಾಣುವುದೊಂದು, ಹಿಂದಿರುಗಿ ಸ್ವದೇಶವನ್ನು ಹೊಸ ಕಣ್ಣಿನಿಂದ ಕಾಣುವುದಿನ್ನೊಂದು. ನಾವು ಇಪ್ಪತ್ತೈದರ ವಯಸ್ಸಿನಲ್ಲಿ ಜಪಾನಿನ ಒಕಾಯಾಮ ಪಟ್ಟಣವನ್ನು ಸಂದರ್ಶಿಸಿದೆವು. ಅಲ್ಲಿ ಅಸಾಹಿ ನದಿಯ ಒಂದು ದಡದಲ್ಲಿ ಕಪ್ಪು ಗೋಡೆಗಳ ಕೋಟೆ. ಎದುರು ದಡದಲ್ಲಿ ಕೋರಾಕುಎನ್ ಎಂಬ ಉದ್ಯಾನ. ಪ್ರಾಂತಾಧಿಪತಿಯಾದ ಇಕೆದಾ ತ್ಸುನಮಾಸನು 1687ರಲ್ಲಿ ಆರಂಭಿಸಿದ ಈ ಉದ್ಯಾನವು 1700ರಲ್ಲಿ ಪೂರ್ಣವಾಯಿತು. ಕೊಳ, ಹುಲ್ಲುಹಾಸುಗಳ ಆಚೆ ಕೋಟೆಯ ಗೋಪುರವು ತೋಟದ್ದೇ ಒಂದು ಅಂಗವೆಂಬಂತೆ ತೋರುವುದು.

ಆದರೆ ನಾವು ಕಂಡ ಗೋಪುರವು ಮೂಲದ್ದಲ್ಲ. 1945ರ ವಿಮಾನದಾಳಿಯಲ್ಲಿ ಅದು ಸುಟ್ಟುಹೋಗಿ, 1966ರಲ್ಲಿ ಕಾಂಕ್ರೀಟಿನಿಂದ ಪುನಃ ಕಟ್ಟಲ್ಪಟ್ಟಿತು. ಉದ್ಯಾನವೂ 1934ರ ನೆರೆಯಿಂದ ಒಮ್ಮೆ, ಆ ದಾಳಿಯಿಂದ ಇನ್ನೊಮ್ಮೆ ಹಾನಿಗೊಂಡಿತ್ತು. ಹಿಂದಿನವರ ಚಿತ್ರಗಳೂ ನಕ್ಷೆಗಳೂ ಉಳಿದಿದ್ದುದರಿಂದಲೇ ಅದನ್ನು ಪೂರ್ವರೂಪಕ್ಕೆ ತರುವುದು ಸಾಧ್ಯವಾಯಿತು.

ಊರಿಗೆ ಮರಳಿ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನು ಹತ್ತಿದಾಗ ಈ ಸಂಗತಿಯು ನಮ್ಮನ್ನು ಕಾಡಿತು. ನೊಳಂಬವಾಡಿಯನ್ನಾಳಿದ ಪಾಂಡ್ಯರ ರಾಜಧಾನಿಯದು. ಹೊಯ್ಸಳ ವೀರಬಲ್ಲಾಳನು ಗೆದ್ದ ದುರ್ಗ. ಬೆಟ್ಟದ ಮೇಲಣ ಉಚ್ಚಂಗಮ್ಮನ ಗುಡಿಗೆ ಭಕ್ತರ ಕಾವಲುಂಟು. ಕೋಟೆಯ ಗೋಡೆಗೆ ಯಾರ ಕಾವಲು? ಜಾರಿಬಿದ್ದ ಕಲ್ಲೊಂದು ಮೊದಲು ಎಲ್ಲಿತ್ತೆಂದು ಹೇಳಬಲ್ಲ ಒಂದು ಚಿತ್ರವೂ ನಮ್ಮ ಕೈಯಲ್ಲಿರಲಿಲ್ಲ.

ಆದುದರಿಂದ ತರುಣ ಶ್ರೋತೃಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಕಾಲಿನಲ್ಲಿ ಕಸುವಿರುವಾಗಲೇ ಉಚ್ಚಂಗಿಯನ್ನು ಹತ್ತಿರಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನೂ ನೋಡಿರಿ. ಬುತ್ತಿಯ ಜೊತೆಗೆ ಅಳತೆಯ ಪಟ್ಟಿಯನ್ನೂ ಒಂದು ನೋಟುಪುಸ್ತಕವನ್ನೂ ಒಯ್ಯಿರಿ. ಬಾಗಿಲಿನ ಅಗಲ, ಹೊಂಡದ ಮೆಟ್ಟಿಲು, ಬುರುಜಿನ ಸುತ್ತಳತೆ, ಇವನ್ನು ಬರೆದಿಡಿರಿ. ಕಲ್ಲು ಉರುಳಿದ ದಿನ ಮುಂದಿನವರಿಗೆ ಆ ಕಾಗದವೇ ದಾರಿ ತೋರಬೇಕು.