ಕಲ್ಯಾಣದ ಹಾಡು, ಹುಮನಾಬಾದಿನ ಪದ

ಕಥೆ ಹೇಳುವಾಗ ಷಟ್ಪದಿ, ಮದುವೆಯಲ್ಲಿ ಧವಳ, ಉತ್ಸವಕ್ಕೆ ಮಂಗಳ, ಯೋಗಿಗಳಿಗೆ ಚರ್ಯಾ. ಮಹಾರಾಷ್ಟ್ರದ ಹೆಣ್ಣುಮಕ್ಕಳು ಕಾಳು ಕುಟ್ಟುವಾಗ ಓವಿ. ಯಾವ ಹೊತ್ತಿಗೆ ಜನ ಯಾವ ಹಾಡು ಹಾಡುತ್ತಾರೆ ಎಂಬುದನ್ನು ಹೀಗೆ ಒಂದೊಂದಾಗಿ ಬರೆದಿಟ್ಟವನು ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ. ಇಂದಿನ ಬಸವಕಲ್ಯಾಣವೇ ಅವನ ರಾಜಧಾನಿ. 1126ರಿಂದ 1138ರವರೆಗೆ ಆಳಿದ ಈ ದೊರೆ ಬರೆದ ‘ಮಾನಸೋಲ್ಲಾಸ’ದಲ್ಲಿ 100 ಅಧ್ಯಾಯಗಳಿವೆ. ರಾಜನೀತಿ, ಆನೆ, ಕುದುರೆ, ಅಡುಗೆ, ಮಲ್ಲಯುದ್ಧ ಎಲ್ಲವೂ ಅದರಲ್ಲಿ ಬರುತ್ತವೆ. ಗೀತವಿನೋದವೆಂಬ ಭಾಗ ಪೂರ್ತಿ ಹಾಡಿಗೇ ಮೀಸಲು. ಗ್ರಂಥ ಸಂಸ್ಕೃತದ್ದು, ಆದರೆ ಹಾಡಿನ ಮಾತು ಬಂದಾಗ ಅರಸ ಸಂಸ್ಕೃತಕ್ಕೇ ಅಂಟಿ ಕೂರಲಿಲ್ಲ. ಕನ್ನಡ, ಮರಾಠಿ ಮೊದಲಾದ ದೇಶಭಾಷೆಗಳ ಹಾಡಿನ ಮಾದರಿಗಳನ್ನೂ ತೆಗೆದುಕೊಂಡ.

ಪಂಡಿತರು ಇದನ್ನು ಸಂಗೀತಶಾಸ್ತ್ರವೆಂದು ಓದುತ್ತಾರೆ. ನನಗೆ ಇದು ಆ ಕಾಲದಲ್ಲಿ ಜನರ ಬಾಯಲ್ಲಿ ಓಡಾಡುತ್ತಿದ್ದ ಹಾಡುಗಳ ದಾಖಲೆಯಾಗಿ ಹೆಚ್ಚು ಪ್ರಿಯ. ಒನಕೆ ಹಿಡಿದ ಕೈಗೆ ಒಗ್ಗುವ ಹಾಡು ಯಾವುದು ಎಂದು ಕೇಳಿ ತಿಳಿದು ಬರೆಯುವ ಚಕ್ರವರ್ತಿ ಎಷ್ಟು ಜನ ಸಿಕ್ಕಾರು? ಅವನ ಮಗ ಎರಡನೆಯ ಜಗದೇಕಮಲ್ಲನೂ ‘ಸಂಗೀತ ಚೂಡಾಮಣಿ’ ಬರೆದ. ಮುಂದಿನ ಶತಮಾನದಲ್ಲಿ ದೇವಗಿರಿಯಲ್ಲಿ ಕೂತು ‘ಸಂಗೀತ ರತ್ನಾಕರ’ ರಚಿಸಿದ ಶಾರ್ಙ್ಗದೇವ ತನಗಿಂತ ಹಿಂದಿನ ದೊಡ್ಡವರ ಸಾಲಿನಲ್ಲಿ ಈ ತಂದೆ ಮಗ ಇಬ್ಬರನ್ನೂ ನೆನೆಯುತ್ತಾನೆ.

ಇಷ್ಟೆಲ್ಲ ಉಳಿದರೂ ಉಳಿಯದ್ದು ಧಾಟಿ. ಹಾಡಿನ ಹೆಸರಿದೆ, ಸಂದರ್ಭವಿದೆ, ಅಲ್ಲಲ್ಲಿ ಸಾಲುಗಳೂ ಇವೆ. ಆ ಮದುವೆಮನೆಯ ಧವಳ ಹೇಗೆ ಎತ್ತಿಕೊಳ್ಳುತ್ತಿತ್ತು, ಎಲ್ಲಿ ಎಳೆಯುತ್ತಿತ್ತು ಎಂಬುದನ್ನು ಯಾವ ಗ್ರಂಥವೂ ಹಿಡಿದಿಡಲಾರದು. ಹಳೆಯ ಜನಪ್ರಿಯ ಹಾಡುಗಳನ್ನು ಮತ್ತೆ ಹುಡುಕಿ ತೆಗೆಯುವ ಉತ್ಸಾಹ ಈಗ ಎಲ್ಲೆಡೆ ಕಾಣುತ್ತಿದೆ. ಹಾಡು ಮರೆವಿಗೆ ಸಂದರೆ ಏನೇನು ಕಳೆದುಹೋಗುತ್ತದೆ, ಏನನ್ನು ವಾಪಸು ತರಬಹುದು ಎಂದು ನೋಡಬೇಕಾದರೆ ಬಸವಕಲ್ಯಾಣಕ್ಕೂ ಪಕ್ಕದ ಹುಮನಾಬಾದಿಗೂ ಬರಬೇಕು.

ಸೋಮೇಶ್ವರ ತೀರಿಕೊಂಡು ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ವಚನಗಳು ಹುಟ್ಟಿದವು. ಶರಣರ ನಡುವೆ ಕಿನ್ನರಿ ನುಡಿಸುವ ಬೊಮ್ಮಯ್ಯನಿದ್ದ. ಅಂದಮೇಲೆ ಅಲ್ಲಿ ನಾದಕ್ಕೇನೂ ಕೊರತೆ ಇರಲಿಲ್ಲ. ತಾಳ ಲೆಕ್ಕ ತನಗೆ ತಿಳಿಯದು, ತನಗೆ ಒಲಿದಂತೆ ಹಾಡುವೆ ಎಂಬರ್ಥದ ಮಾತನ್ನು ಬಸವಣ್ಣ ಒಂದು ವಚನದಲ್ಲಿ ಆಡಿದ್ದಾನೆ. ಒಲಿದಂತೆ ಎಂದರೆ ಹೇಗೆ ಎಂದು ಮಾತ್ರ ನಮಗೆ ಯಾರೂ ಹೇಳಿಹೋಗಲಿಲ್ಲ. ಓಲೆಗರಿಗಳಲ್ಲಿ ಮಲಗಿದ್ದ ಆ ಮಾತುಗಳನ್ನು ಫ. ಗು. ಹಳಕಟ್ಟಿಯವರು ಊರೂರು ಅಲೆದು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಆಗ ನಾಡಿನ ಕೈಗೆ ಬಂದದ್ದು ಸಾಹಿತ್ಯ. ಅದಕ್ಕೆ ದನಿ ಕೊಟ್ಟವರು ಗಾಯಕರು.

ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ. ಇವರು ಖಯಾಲಿನ ಗಾಯಕರು, ವಚನವನ್ನು ಮನೆಮನೆಗೆ ಮುಟ್ಟಿಸಿದವರೂ ಇವರೇ. ಗ್ರಾಮಾಫೋನು, ರೇಡಿಯೋ, ಆಮೇಲೆ ಕ್ಯಾಸೆಟ್ಟು ಇವರ ಬೆನ್ನಿಗೆ ನಿಂತವು. ಆ ಯಂತ್ರಗಳ ಅಳತೆ ವಚನಕ್ಕೆ ಎಷ್ಟು ಚೆನ್ನಾಗಿ ಹೊಂದಿತು ನೋಡಿ. ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಸುಮಾರು 3 ನಿಮಿಷದ ಹಾಡು. ಗಂಟೆಗಟ್ಟಲೆ ರಾಗ ಬೆಳೆಸುವವರಿಗೆ ಅದು ಉಸಿರು ಕಟ್ಟಿಸುವ ಗಡುವು. ಆರೆಂಟು ಸಾಲಿನ ವಚನಕ್ಕೆ ಅಷ್ಟೇ ಸಾಕು.

ಆದರೆ ಕೆಲಸ ಸುಲಭದ್ದಲ್ಲ. ವಚನಕ್ಕೆ ಪಲ್ಲವಿಯಿಲ್ಲ, ಪ್ರಾಸದ ಕಟ್ಟಿಲ್ಲ, ಸಾಲುಗಳು ಒಂದೇ ಉದ್ದದವಲ್ಲ. ಗಾಯಕ ಮೊದಲು ಯಾವ ಸಾಲಿಗೆ ಮರಳಿ ಮರಳಿ ಬರಬೇಕೆಂದು ಆರಿಸಿಕೊಳ್ಳಬೇಕು. ಉದ್ದದ ಸಾಲನ್ನು ಅರ್ಥ ಕೆಡದ ಹಾಗೆ ಠೇಕಾದೊಳಗೆ ಕೂರಿಸಬೇಕು. ತುದಿಯ ಅಂಕಿತ ಬಂದಾಗ ಓಟ ತಗ್ಗಿಸಿ ಸಮಕ್ಕೆ ಇಳಿಸಬೇಕು. ಮನ್ಸೂರರು ಹಾಡಿದ ಅಕ್ಕಮಹಾದೇವಿಯ ಕನಸಿನ ವಚನವನ್ನೇ ಕೇಳಿ. ಗೆಳತಿಗೆ ಹೇಳುವ ಮಾತಿನ ಆಪ್ತತೆ ಎಲ್ಲೂ ಒಡೆಯುವುದಿಲ್ಲ, ರಾಗವೂ ಎಲ್ಲೂ ಬಡವಾಗುವುದಿಲ್ಲ. ಜಂಬಲದಿನ್ನಿಯವರದು ಬೇರೆಯೇ ದಾರಿ. ತುಂಬುಗಂಠ, ತೆರೆದ ದನಿ, ಮಾತಿಗೆ ಮೊದಲ ಮಣೆ. 1988ರಲ್ಲಿ ಅವರು ತೀರಿಕೊಂಡ ಮೇಲೆ ಹುಟ್ಟಿದ ಎಷ್ಟು ಮಕ್ಕಳು ಆ ದನಿ ಕೇಳಿದ್ದಾರು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ರಾಯಚೂರು ಸೀಮೆಯ ಆ ಗಾಯಕ ಕಲ್ಯಾಣ ಕರ್ನಾಟಕದ ಕಿವಿಯನ್ನೇ ತಿದ್ದಿದವರು.

ಈ ಸೀಮೆಯಲ್ಲಿ ಕನ್ನಡದ ಹಾಡಿಗೆ ಇನ್ನೂ ಒಂದು ತೂಕವಿತ್ತು. ಈ ಎರಡೂ ಊರುಗಳಿರುವ ಬೀದರ ಜಿಲ್ಲೆ 1956ರವರೆಗೆ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಭಾಗ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಾಲ ಅದು. ಬಸವಕಲ್ಯಾಣದಲ್ಲಿ ಅನುಭವ ಮಂಟಪ ಕಟ್ಟಿಸಲು ಮುಂದೆ ನಿಂತವರೂ ಅವರೇ. 1959ರಲ್ಲಿ ಟಿ. ವಿ. ಸಿಂಗ್ ಠಾಕೂರರ ‘ಜಗಜ್ಯೋತಿ ಬಸವೇಶ್ವರ’ ಚಿತ್ರ ಬಂತು. ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರ್ ಬಿಜ್ಜಳ. 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂತು. 1978ರ ‘ನಿತ್ಯೋತ್ಸವ’ ಭಾವಗೀತೆಯ ಕ್ಯಾಸೆಟ್ಟಿಗೆ ದಾರಿ ತೆರೆದ ಮೇಲೆ ಹಾಡು ಅಂಗಡಿಯಲ್ಲಿ ಕೊಂಡು ಮನೆಗೆ ಒಯ್ಯುವ ವಸ್ತುವಾಯಿತು. ಕ್ಯಾಸೆಟ್ಟು ಹೋಯಿತು. ಅದರ ಜೊತೆ ಹೋದದ್ದೆಷ್ಟು ಎಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕಾಂತದ ಪಟ್ಟಿ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಹರಿಯುತ್ತದೆ. ಅರಗಿನ ಪ್ಲೇಟು ಕೈ ಜಾರಿದರೆ ಚೂರು, ಮೊಂಡು ಮುಳ್ಳು ಓಡಿಸಿದರೆ ಗೆರೆಯೇ ಸವೆಯುತ್ತದೆ.

ಹುಮನಾಬಾದಿನ ಕಥೆ ಬೇರೆ. ಊರಿಗೆ ಅಂಟಿಕೊಂಡೇ ಇರುವ ಮಾಣಿಕನಗರ, ಮಾಣಿಕಪ್ರಭುಗಳ (1817–1865) ಸಂಸ್ಥಾನ. ಪ್ರಭುಗಳು ಹುಟ್ಟಿದ್ದು ಲಾಡವಂತಿಯಲ್ಲಿ, ಬೆಳೆದದ್ದು ಕಲ್ಯಾಣದಲ್ಲಿ. ಮರಾಠಿ, ಹಿಂದಿ, ಕನ್ನಡ ಎಂದು ಈ ಗಡಿಸೀಮೆಯ ಜನ ಆಡುವ ಭಾಷೆಗಳಲ್ಲೆಲ್ಲ ಅವರು ಪದ ಕಟ್ಟಿದರು. ಲಿಂಗಾಯತರಿಗೆ ಅವರು ಬಸವಣ್ಣನ ಅವತಾರ, ಮುಸಲ್ಮಾನರಿಗೆ ಮೆಹಬೂಬ್ ಸುಬಹಾನಿ, ದತ್ತಭಕ್ತರಿಗೆ ಸಾಕ್ಷಾತ್ ದತ್ತ. ಎಲ್ಲ ಮತಗಳನ್ನೂ ಒಪ್ಪುವ ಈ ಸಂಪ್ರದಾಯವನ್ನು ಸಕಲಮತವೆಂದು ಕರೆಯುತ್ತಾರೆ. ಪ್ರಭುಗಳ ನಂತರ ಪೀಠಕ್ಕೆ ಬಂದ ಮನೋಹರ ಪ್ರಭು, ಮಾರ್ತಾಂಡ ಪ್ರಭು ಕೂಡ ಪದ ರಚಿಸಿದರು.

ಇಲ್ಲಿ ಹಾಡು ಮರೆಯಾಗದಿರಲು ಕಾರಣ ಬಹಳ ಸರಳ: ಹಾಡಿಗೆ ದಿನ ಗೊತ್ತುಮಾಡಿದ್ದಾರೆ. ವಾರದ ಏಳು ದಿನಕ್ಕೂ ಬೇರೆ ಬೇರೆ ಭಜನೆ. ಸೋಮವಾರದ್ದು ಮಂಗಳವಾರ ಹಾಡುವಂತಿಲ್ಲ. ಹೀಗಾಗಿ ಜನಕ್ಕೆ ತುಂಬ ಇಷ್ಟವಾದ ನಾಲ್ಕು ಪದಗಳಷ್ಟೇ ಓಡಾಡಿ, ಉಳಿದವು ಮೂಲೆ ಸೇರುವ ಪಾಡು ಬಂದಿಲ್ಲ. ಕಡಿಮೆ ಹೆಸರಾದ ಪದಕ್ಕೂ ಅದರ ವಾರ ಬಂದೇ ಬರುತ್ತದೆ. ಚಿಕ್ಕ ಹುಡುಗ ತಾಳ ಹಿಡಿದು ಹಿರಿಯರ ಹಿಂದೆ ಕೂತು ಕಲಿಯುವುದು ಮಾತು, ಧಾಟಿ ಎರಡನ್ನೂ ಒಟ್ಟಿಗೆ. ಇನ್ನು ದತ್ತ ಜಯಂತಿಯ ಉತ್ಸವದಲ್ಲಿ ನಡೆಯುವ ಸಂಗೀತ ದರಬಾರಿನಲ್ಲಿ ದೂರದೂರದ ಕಲಾವಿದರು ಬಂದು ಸೇವೆ ಸಲ್ಲಿಸುತ್ತಾರೆ. ಕೇಳುವವರಲ್ಲಿ ಪುಣೆಯವರು, ಹೈದರಾಬಾದಿನವರು, ಪಕ್ಕದ ಹಳ್ಳಿಯ ರೈತರು ಒಂದೇ ಜಮಖಾನೆಯ ಮೇಲೆ ಕೂತಿರುತ್ತಾರೆ.

ಬಸವಕಲ್ಯಾಣಕ್ಕೆ ಅಂಥದ್ದೊಂದು ಏರ್ಪಾಟು ಬೇಕೆಂದು ನನ್ನ ಆಸೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಆಗ ಅದು 500 ಕೋಟಿ ರೂಪಾಯಿಯ ಯೋಜನೆ. ಅದರಲ್ಲಿ ಒಂದು ಕೋಣೆ ಕೇಳುವುದಕ್ಕೆಂದೇ ಇರಲಿ. ಮನ್ಸೂರರು, ರಾಜಗುರು, ಜಂಬಲದಿನ್ನಿ ಹಾಡಿದ ವಚನಗಳು, ಆಕಾಶವಾಣಿಯ ಮುದ್ರಿಕೆಗಳು, ಹೆಸರೂ ಉಳಿಯದ ಊರಿನ ಭಜನಾ ಮಂಡಳಿಯವರು ಮಾಡಿಸಿದ ಕ್ಯಾಸೆಟ್ಟುಗಳು, ಎಲ್ಲವನ್ನೂ ಅಲ್ಲಿಗೆ ತರಲಿ. ಯಾರು ಹಾಡಿದರು, ಯಾವ ಧಾಟಿ, ಯಾವ ವರ್ಷ ಎಂದು ಬರೆದಿಡಲಿ. ಕೋಣೆಯ ಪಕ್ಕದಲ್ಲೇ ಹಾರ್ಮೋನಿಯಂ, ತಬಲಾ ಇಟ್ಟು ಮಕ್ಕಳನ್ನು ಕೂರಿಸಲಿ. ಕಪಾಟಿನಲ್ಲಿ ಭದ್ರವಾಗಿಟ್ಟ ದನಿಗೂ ಒಂದು ಬಾಯಿ ಬೇಕು. ಆ ಕೆಲಸ ಯಂತ್ರದಿಂದ ಆಗದು. ನಮ್ಮ ಮನೆಗಳ ಅಟ್ಟದ ಮೇಲೆ, ಹಳೇ ಟ್ರಂಕಿನಲ್ಲಿ ಬಿದ್ದಿರುವ ಕ್ಯಾಸೆಟ್ಟುಗಳನ್ನು ಈ ಮಳೆಗಾಲದೊಳಗೆ ಕೆಳಗಿಳಿಸಿದರೂ ಅರ್ಧ ಕೆಲಸ ಆದಂತೆ. ಎಸೆಯುವ ಮುನ್ನ ಲೇಬಲ್ಲಿನ ಮೇಲಿನ ಕೈಬರಹವನ್ನಾದರೂ ಓದಿ.

ಕೇಳಲು ಹೋಗುವವರಿಗೆ ಒಂದೆರಡು ಮಾತು. ಹುಮನಾಬಾದು ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿದೆ. 2017ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಪೂರ್ತಿಯಾದ ಮೇಲೆ ರೈಲಿನ ಅನುಕೂಲವೂ ಆಗಿದೆ. ದತ್ತ ಜಯಂತಿ ಬರುವುದು ಮಾರ್ಗಶಿರದ ಹುಣ್ಣಿಮೆಗೆ. ಚಳಿ ಜೋರಿರುತ್ತದೆ, ಒಂದು ಶಾಲು ಜೊತೆಗಿರಲಿ. ಜನವರಿಯಲ್ಲಿ ಹೋದರೆ ಊರೊಳಗಿನ ವೀರಭದ್ರೇಶ್ವರನ ಜಾತ್ರೆ ಸಿಗುತ್ತದೆ, ಪುರವಂತರ ಒಡಪು ಕೇಳಬಹುದು. ಉತ್ಸವದ ಗದ್ದಲ ಬೇಡವೆನ್ನುವವರು ಯಾವುದಾದರೂ ಬಿಡುವಿನ ದಿನ ಮಾಣಿಕನಗರಕ್ಕೆ ಹೋಗಿ, ಅಂದು ಯಾವ ವಾರದ ಭಜನೆಯೋ ಅದನ್ನು ಕೇಳಿಕೊಂಡು ಬರಲಿ.