ಎರಡು ಹಾರ್ಡ್ ಡಿಸ್ಕ್ ಕಟ್ಟಿದರೆ ಗೇಮ್ ಜೋರಾಗುತ್ತದೆಯೇ?

ಪ್ರಶ್ನೆ: ಮನೆಯ ಹಳೇ ಕಂಪ್ಯೂಟರಿನಲ್ಲಿ ಗೇಮ್ ತೆರೆಯುವುದೇ ತಡ. ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿಸಲೇ?
– ಓದುಗರು, ವಳಕಮದಿನ್ನಿ, ಮಸ್ಕಿ ತಾಲ್ಲೂಕು

ಉತ್ತರ: ಸುಮ್ಮನೆ ಹಾಕಿಸಿದರೆ ಜಾಗ ಹೆಚ್ಚುತ್ತದೆ, ಅಷ್ಟೇ. ವೇಗ ಬೇಕೆಂದರೆ ಎರಡನ್ನೂ ‘ರೇಡ್ 0’ ಕ್ರಮದಲ್ಲಿ ಕಟ್ಟಬೇಕು. ಆಗ ಪ್ರತಿ ಫೈಲೂ ತುಂಡಾಗಿ ಎರಡೂ ಡಿಸ್ಕಿಗೆ ಹಂಚಿಹೋಗುತ್ತದೆ; ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಒಂದೇ ಲಾರಿಗೆ ಇಬ್ಬರು ಹಮಾಲರು ಚೀಲ ಹೊತ್ತಂತೆ. ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗ ವೇಗ ಹೆಚ್ಚುಕಡಿಮೆ ಇಮ್ಮಡಿ.

ಆದರೆ ಗೇಮಿಗೆ ಬೇಕಾದದ್ದು ಅಲ್ಲಲ್ಲಿ ಚೆದುರಿದ ಸಣ್ಣಸಣ್ಣ ತುಣುಕುಗಳೂ ಹೌದು. ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡು ಬೇಕು. ಮುಳ್ಳು ಸರಿಯಲು ಇನ್ನೂ ಹೆಚ್ಚು. ಡಿಸ್ಕ್ ಎರಡಾದರೂ ಈ ಕಾಯುವಿಕೆ ತಪ್ಪದು. ಇನ್ನು ಆಟದ ನಡುವೆ ಚಿತ್ರ ತಡವರಿಸುವುದು ಬಹುಪಾಲು ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್‌ಗಳ ಪಾಡು.

ಅಪಾಯವೂ ಇದೆ: ಒಂದು ಡಿಸ್ಕ್ ಕೆಟ್ಟರೆ ಎರಡರಲ್ಲಿದ್ದದ್ದೂ ಹೋಯಿತು. ಮದುವೆ ಫೋಟೊ ಅದರಲ್ಲಿಡಬೇಡಿ. ನನ್ನನ್ನು ಕೇಳಿದರೆ, ಆ ದುಡ್ಡಿಗೆ ಒಂದು ಸಾಟಾ ಎಸ್‌ಎಸ್‌ಡಿ ಕೊಳ್ಳಿ. ತಟ್ಟೆಯೇ ಇಲ್ಲದ ಅದು ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತದೆ. ವಿಂಡೋಸ್, ಗೇಮ್ ಎರಡೂ ಅದರಲ್ಲಿರಲಿ; ಹಳೇ ಡಿಸ್ಕು ಸಿನಿಮಾ, ಹಾಡಿಗೆ ಸಾಕು.